‘ಹೂಂ’ ಅಂದರೆ ಒಪ್ಪಿಗೆಯೇ? ಹಳ್ಳಿಗಳಲ್ಲಿ ನಡೆಯುವ ವೈದ್ಯಕೀಯ ಅಧ್ಯಯನಗಳ ಬಗ್ಗೆ

ಬಾಕಿಪಟ್ಟಿ

ಇದನ್ನು ಬಹಳ ದಿನದಿಂದ ಯಾರಿಗಾದರೂ ಹೇಳಿಕೊಳ್ಳಬೇಕು ಅಂದುಕೊಂಡಿದ್ದೆ. ರಕ್ತದೊತ್ತಡದ ಔಷಧದ ಒಂದು ಅಧ್ಯಯನದಲ್ಲಿ ನಾಲ್ಕು ವರ್ಷ ಫೀಲ್ಡ್ ವರ್ಕರ್ ಆಗಿದ್ದೆ. ಹಳ್ಳಿಗಳಲ್ಲಿ ಮನೆಮನೆ ಸುತ್ತುವುದು, ಮಾಹಿತಿ ಪತ್ರ ಓದಿ ಹೇಳುವುದು, ಒಪ್ಪಿಗೆ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರುವುದು, ಇಷ್ಟು ಕೆಲಸ.

ಒಂದು ಮಧ್ಯಾಹ್ನ ಒಬ್ಬ ಅಜ್ಜಿಗೆ ಹನ್ನೊಂದು ಪುಟ ಓದಿದೆ. ಪುಟಕ್ಕೊಮ್ಮೆ ‘ಅರ್ಥ ಆಯ್ತಾ ಅಜ್ಜಿ?’ ಅಂತ ಕೇಳಿದೆ. ಅವರೂ ಪುಟಕ್ಕೊಮ್ಮೆ ‘ಹೂಂ’ ಅಂದರು. ಸಾಕ್ಷಿ ಸಹಿ ಹಾಕಿದ, ಅಜ್ಜಿ ಹೆಬ್ಬೆಟ್ಟು ಒತ್ತಿದರು. ಬೆರಳಿನ ಶಾಯಿ ಒರೆಸಿಕೊಳ್ಳುತ್ತಾ ಕೇಳಿದರು: ‘ಇಷ್ಟೊತ್ತು ಓದಿದೆಯಲ್ಲ ಮಗಾ, ನನ್ನ ಮಂಡಿನೋವಿಗೆ ಮಾತ್ರೆ ಯಾವತ್ತು ಕೊಡ್ತೀಯ?’

ನಾನು ಆ ಕಾಗದ ಹರಿದು ಹಾಕಲಿಲ್ಲ. ಫೈಲಿಗೆ ಸೇರಿಸಿದೆ. ಕಾಗದದ ಮಟ್ಟಿಗೆ ಎಲ್ಲವೂ ಸರಿಯಿತ್ತು: ಅವರದೇ ಭಾಷೆ, ಸಾಕ್ಷಿ, ದಿನಾಂಕ, ಗಂಟೆ, ನಿಮಿಷ. ತಪಾಸಣೆಗೆ ಬಂದವರು ಆ ಫೈಲನ್ನೇ ತೋರಿಸಿ ‘ಹೀಗಿರಬೇಕು’ ಅಂದರು.

ನಮ್ಮ ರಿಜಿಸ್ಟರಿನಲ್ಲಿ ಎರಡೇ ಕಾಲಂ. ಒಂದು ‘ಒಪ್ಪಿಗೆ ಪಡೆದಿದೆ’, ಇನ್ನೊಂದು ‘ಬಾಕಿ’. ಇಲ್ಲಿ ನಾನು ಇಟ್ಟುಕೊಂಡಿರುವ ಹೆಸರು ಅಲ್ಲಿಂದ ಬಂದದ್ದು. ನನ್ನ ಪ್ರಶ್ನೆ ಸರಳ. ಆ ಹೆಬ್ಬೆಟ್ಟು ಒಪ್ಪಿಗೆಯೋ ಅಲ್ಲವೋ? ಅಲ್ಲ ಅನ್ನುವುದಾದರೆ ನಾನು ಆವತ್ತು ಏನು ಮಾಡಬೇಕಿತ್ತು?

ಸ್ಟೆತ್ತು

ಒಪ್ಪಿಗೆ ಅಲ್ಲ. ಹೆಬ್ಬೆಟ್ಟು ಒತ್ತಿದ ಕ್ಷಣದಲ್ಲಿ ಅವರ ತಲೆಯಲ್ಲಿ ಇದ್ದದ್ದು ಚಿಕಿತ್ಸೆ, ನಿಮ್ಮ ತಲೆಯಲ್ಲಿ ಇದ್ದದ್ದು ಅಧ್ಯಯನ. ಇಬ್ಬರೂ ಬೇರೆ ಬೇರೆ ವಿಷಯಕ್ಕೆ ಒಪ್ಪಿದಿರಿ.

ಈ ಗೊಂದಲ ಹೊಸದೇನಲ್ಲ. ಪಾಲ್ ಅಪೆಲ್‌ಬಾಮ್ ಅನ್ನುವ ಮನೋವೈದ್ಯರು ಮತ್ತು ಅವರ ಸಹೋದ್ಯೋಗಿಗಳು 1982ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಚಿಕಿತ್ಸೆಯ ಭ್ರಮೆ’ ಅನ್ನಬಹುದು. ಯಾವ ಮಾತ್ರೆ ಯಾರಿಗೆ ಅನ್ನುವುದು ಕಾಯಿಲೆಗೆ ತಕ್ಕಂತೆ ನಿರ್ಧಾರವಾಗುತ್ತಿದೆ, ವೈದ್ಯರು ತನ್ನ ಒಳಿತಿಗೆಂದೇ ಆರಿಸುತ್ತಿದ್ದಾರೆ ಅಂತ ಅಧ್ಯಯನಕ್ಕೆ ಸೇರಿದವರು ನಂಬುತ್ತಾರೆ. ಚೆನ್ನಾಗಿ ಓದಿದವರೂ ನಂಬುತ್ತಾರೆ. ಹಾಗಾಗಿ ಅಜ್ಜಿಗೆ ಓದು ಬರಹ ಇಲ್ಲದ್ದರಿಂದ ಹೀಗಾಯಿತು ಅಂದುಕೊಳ್ಳಬೇಡಿ. ಹಳ್ಳಿಯಲ್ಲಿ ಇದು ಹೆಚ್ಚಾಗಲು ಕಾರಣ ಬೇರೆ. ಅಲ್ಲಿ ಬಿಳಿ ಕೋಟು ಒಂದೇ ಇರುತ್ತದೆ. ಜ್ವರಕ್ಕೆ ಮಾತ್ರೆ ಕೊಡುವ ಕೈಯೇ ಅಧ್ಯಯನದ ಕಾಗದವನ್ನೂ ಹಿಡಿದುಕೊಂಡು ಬಂದರೆ ಯಾರಿಗೆ ಬೇಡ ಅನ್ನುವುದು, ಯಾರಿಗೆ ಬೇಕು ಅನ್ನುವುದು?

ನಿಮ್ಮ ಎರಡನೇ ಪ್ರಶ್ನೆಗೆ ರಾತ್ರಿ ಬಂದು ಬರೆಯುತ್ತೇನೆ. ಹೊರಗೆ ರೋಗಿಗಳು ಕಾಯುತ್ತಿದ್ದಾರೆ.

ಅಡಿಟಿಪ್ಪಣಿ

ಇಂಥ ಹನ್ನೊಂದು ಪುಟಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುವವಳು ನಾನು. ಹಾಗಾಗಿ ಪಾಪದಲ್ಲಿ ನನಗೂ ಪಾಲಿದೆ.

ಮೊದಲು ‘ಹೂಂ’ ವಿಚಾರ. ಕಥೆ ಕೇಳುವಾಗ ಹೂಂಗುಟ್ಟಬೇಕು ಅಂತ ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಹೂಂಗುಟ್ಟದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಆ ಹೂಂ ಅಂದರೆ ‘ಎದ್ದಿದ್ದೇನೆ, ಮುಂದೆ ಹೇಳು’ ಅಂತ ಅಷ್ಟೇ. ಅಜ್ಜಿ ಹನ್ನೊಂದು ಸಲ ನಿಮಗೆ ಮರ್ಯಾದೆ ಕೊಟ್ಟಿದ್ದಾರೆ. ‘ಆಯ್ತು’ ಇನ್ನೂ ಕಷ್ಟದ ಪದ. ಒಪ್ಪಿದೆ, ಕೇಳಿಸಿತು, ಮುಗಿಸು, ಎದ್ದು ಹೋಗು, ಈ ನಾಲ್ಕರಲ್ಲಿ ಯಾವುದು ಅಂತ ಧ್ವನಿಯಲ್ಲಿ ಗೊತ್ತಾಗಬೇಕೇ ಹೊರತು ಫಾರಂ ಮೇಲಿನ ಟಿಕ್ ಗುರುತಿನಲ್ಲಿ ಗೊತ್ತಾಗುವುದಿಲ್ಲ.

ಇನ್ನು ಪದಗಳ ಕಥೆ. ‘ಪರೀಕ್ಷೆ’ ಅಂತ ಬರೆದರೆ ರಕ್ತಪರೀಕ್ಷೆ ಅಂದುಕೊಳ್ಳುತ್ತಾರೆ. ‘ಔಷಧವನ್ನು ಪರೀಕ್ಷಿಸಲಾಗುತ್ತಿದೆ’ ಅನ್ನುವ ವಾಕ್ಯ ಕೇಳಿದವರು ‘ಡಾಕ್ಟರು ನನ್ನನ್ನು ಪರೀಕ್ಷೆ ಮಾಡ್ತಾರೆ, ಒಳ್ಳೇದೇ ಆಯ್ತು’ ಅನ್ನುತ್ತಾರೆ. ‘ಪ್ರಯೋಗ’ ಅಂತ ಬರೆದರೆ ಎದ್ದು ಓಡುತ್ತಾರೆ. ‘ಸಂಶೋಧನೆ’ ಅಂದರೆ ಯಾರೋ ಏನೋ ಕಂಡುಹಿಡಿದದ್ದು, ಮುಗಿದ ಕೆಲಸ. ಯಾವ ಮಾತ್ರೆ ಉತ್ತಮ ಅಂತ ನಮಗೆ ಇನ್ನೂ ಗೊತ್ತಿಲ್ಲ ಅನ್ನುವ ಮುಖ್ಯ ಮಾತು ಆ ಪದದೊಳಗೆ ಇಲ್ಲವೇ ಇಲ್ಲ.

ಇದನ್ನೆಲ್ಲ ಮೀರಿಸಿದ್ದು ‘ಯಾದೃಚ್ಛಿಕ’. ಒಮ್ಮೆ ಅದನ್ನು ಕಿತ್ತು ‘ಲಾಟರಿ ಮೂಲಕ’ ಅಂತ ಹಾಕಿದೆ. ‘ಗೆದ್ದರೆ ಏನು ಸಿಗುತ್ತೆ?’ ಅಂತ ಕೇಳಿದರಂತೆ. ಆಮೇಲೆ ಹೀಗೆ ಬರೆದೆ: ‘ನಿಮಗೆ ಯಾವ ಮಾತ್ರೆ ಅನ್ನುವುದನ್ನು ಡಾಕ್ಟರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಅರ್ಧ ಜನಕ್ಕೆ ಔಷಧ ಇರುವ ಮಾತ್ರೆ, ಇನ್ನರ್ಧ ಜನಕ್ಕೆ ಔಷಧವೇ ಇಲ್ಲದ, ಅದೇ ಥರ ಕಾಣುವ ಮಾತ್ರೆ. ನಿಮಗೆ ಬಂದದ್ದು ಯಾವುದು ಅಂತ ಮಾತ್ರೆ ಕೊಡುವವರಿಗೂ ಗೊತ್ತಿರುವುದಿಲ್ಲ.’ ಇದನ್ನು ಕೇಳಿದ ಮೇಲೆ ಬೇಡ ಅನ್ನುವವರು ಹೆಚ್ಚಾದರು ಅಂತ ನನಗೆ ಫೋನ್ ಬಂತು. ಹಳೆಯ ವಾಕ್ಯವನ್ನೇ ಇಟ್ಟುಬಿಡಿ ಅಂದರು.

ಒಂಟಿಸಲಗ

ಎಲ್ಲರೂ ಸೇರಿ ಹಳ್ಳಿಯವರನ್ನು ಎಷ್ಟು ದಡ್ಡರು ಮಾಡ್ತೀರಿ! ಜಮೀನು ಮಾರುವಾಗ, ಸಾಲಪತ್ರ ಬರೆಸುವಾಗ ಇದೇ ಜನ ಇದೇ ಹೆಬ್ಬೆಟ್ಟು ಒತ್ತುತ್ತಾರೆ. ಅಲ್ಲಿ ಅರ್ಥವಾಗುವುದು ಇಲ್ಲಿ ಮಾತ್ರ ಅರ್ಥವಾಗುವುದಿಲ್ಲವೇ?

ಇನ್ನೊಂದು ಮಾತು. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಮುಗಿದುಹೋಗುತ್ತಿತ್ತು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸಕ್ಕರೆ, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಜನರಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕೂ ಕೆಳಗೆ ಇಳಿಯಿತು. ಅಲ್ಲಿ ಯಾರು ಯಾರಿಗೆ ಹನ್ನೊಂದು ಪುಟ ಓದಿದರು? ಅಧ್ಯಯನಗಳಿಗೆ ಅನುಮತಿ ಕೊಡುವ ನಿಮ್ಮ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿ ಕೂತಿದ್ದರೆ ಶಿಬಿರ ಖಾಲಿಯಾಗುತ್ತಿತ್ತು.

ಸ್ಟೆತ್ತು

ಒಳ್ಳೆಯ ಉದಾಹರಣೆ, ಆದರೆ ಅದು ನನ್ನ ಪಕ್ಷಕ್ಕೇ ಬರುತ್ತದೆ. ಮಹಲನಬೀಸ್ ಅಲ್ಲಿ ಚೀಟಿ ಎತ್ತಲಿಲ್ಲ. ಅರ್ಧ ಜನಕ್ಕೆ ಕುಡಿಸಿ, ಇನ್ನರ್ಧ ಜನ ಏನಾಗುತ್ತಾರೆ ಅಂತ ನೋಡುತ್ತಾ ನಿಲ್ಲಲಿಲ್ಲ. ಆ ನೀರು ಕೆಲಸ ಮಾಡುತ್ತದೆ ಅಂತ ಅದಕ್ಕೆ ಮುಂಚೆಯೇ ಢಾಕಾ, ಕಲ್ಕತ್ತಾಗಳ ಆಸ್ಪತ್ರೆಗಳಲ್ಲಿ ಕಂಡಿತ್ತು. ಅವರು ಮಾಡಿದ್ದು ಚಿಕಿತ್ಸೆ, ಸಾವು ಎದುರಿಗೆ ನಿಂತಾಗ ಕೈಗೆ ಸಿಕ್ಕಿದ್ದರಿಂದ ಮಾಡಿದ ಚಿಕಿತ್ಸೆ. ಫಲಿತಾಂಶ ಬರೆದಿಟ್ಟರು ಅಂದ ಮಾತ್ರಕ್ಕೆ ಅದು ಟ್ರಯಲ್ ಆಗುವುದಿಲ್ಲ.

ಇನ್ನೊಂದು ತುದಿ ನೋಡಿ. ಅಮೆರಿಕದ ಅಲಬಾಮಾ ರಾಜ್ಯದ ಮೇಕನ್ ಕೌಂಟಿ, ಅದರ ಮುಖ್ಯ ಊರು ಟಸ್ಕೀಗಿ. ಹತ್ತಿ ಬೆಳೆಯುವ ಸೀಮೆ, ಬಡ ಗೇಣಿದಾರರು, ಎಲ್ಲರೂ ಕಪ್ಪು ಜನ. 1932ರಲ್ಲಿ ಶುರುವಾದ ಅಧ್ಯಯನ 1972ರವರೆಗೆ ನಡೆಯಿತು. ಸಿಫಿಲಿಸ್ ಇದ್ದ 399 ಗಂಡಸರು, ಇಲ್ಲದ 201 ಮಂದಿ. ಚಿಕಿತ್ಸೆ ಕೊಡದೆ ಬಿಟ್ಟರೆ ರೋಗ ಹೇಗೆ ಮುಂದುವರಿಯುತ್ತದೆ ಅಂತ ನೋಡುವುದೇ ಉದ್ದೇಶ. 1940ರ ದಶಕದ ಕೊನೆಗೆ ಆ ರೋಗ ವಾಸಿಮಾಡುವ ಪೆನಿಸಿಲಿನ್ ಎಲ್ಲ ಕಡೆ ಸಿಗುತ್ತಿತ್ತು, ಅವರಿಗೆ ಕೊಡಲಿಲ್ಲ. ಬೆನ್ನುಮೂಳೆಗೆ ಸೂಜಿ ಹಾಕಿ ದ್ರವ ತೆಗೆಯಬೇಕಾದಾಗ ‘ವಿಶೇಷ ಉಚಿತ ಚಿಕಿತ್ಸೆ’ ಅಂತ ಕಾಗದ ಬರೆದು ಕರೆಸಿದರು.

ಒಂಟಿಸಲಗ ಸರ್, ಆ 600 ಜನ ದಡ್ಡರಾಗಿರಲಿಲ್ಲ. ಅವರಿಗೆ ಸುಳ್ಳು ಹೇಳಲಾಗಿತ್ತು. ನಾವು ಮಾತಾಡುತ್ತಿರುವುದು ಹೇಳುವವರ ಬಗ್ಗೆ, ಕೇಳುವವರ ಬುದ್ಧಿಯ ಬಗ್ಗೆ ಅಲ್ಲ.

ಅಡಿಟಿಪ್ಪಣಿ

ಡಾಕ್ಟರೇ, ಟಸ್ಕೀಗಿಯ ಆ ಕಥೆಯಲ್ಲಿ ನನ್ನ ನಿದ್ದೆ ಕೆಡಿಸುವ ಒಂದು ವಿವರ ಇದೆ. ಆ ಗಂಡಸರಿಗೆ ‘ನಿಮಗೆ ಕೆಟ್ಟ ರಕ್ತ ಇದೆ’ ಅಂದರು. ಅದು ಆ ಊರಿನವರದೇ ಮಾತು. ರಕ್ತಹೀನತೆ, ಸುಸ್ತು, ಸಿಫಿಲಿಸ್ ಎಲ್ಲಕ್ಕೂ ಅಲ್ಲಿ ಅದೊಂದೇ ಹೆಸರು. ಅಂದರೆ ಜನರ ಆಡುಮಾತನ್ನೇ ಎತ್ತಿಕೊಂಡು ಅದರೊಳಗೆ ರೋಗದ ಹೆಸರನ್ನು ಬಚ್ಚಿಟ್ಟರು.

ನಾವು ‘ಸರಳ ಭಾಷೆಯಲ್ಲಿ ಬರೆಯಿರಿ’ ಅಂತ ಎಲ್ಲ ಮಾರ್ಗಸೂಚಿಗಳಲ್ಲೂ ಓದುತ್ತೇವೆ. ಸರಳವಾದದ್ದೆಲ್ಲ ಪ್ರಾಮಾಣಿಕ ಆಗಿರಬೇಕಿಲ್ಲ. ‘ಸ್ವಲ್ಪ ರಕ್ತ ತೆಗೆದುಕೊಳ್ಳುತ್ತೇವೆ’ ಎಂಬುದಕ್ಕಿಂತ ಸರಳ ವಾಕ್ಯ ಇಲ್ಲ. ಎಷ್ಟು, ಎಷ್ಟು ಸಲ, ಎಲ್ಲಿಗೆ ಹೋಗುತ್ತದೆ ಅನ್ನುವ ಮೂರೂ ಅದರಲ್ಲಿ ಇಲ್ಲ.

ಮೂರನೇ ಕುರ್ಚಿ

ನಾನು ಒಂದು ಎಥಿಕ್ಸ್ ಕಮಿಟಿಯಲ್ಲಿ ವೈದ್ಯಳಲ್ಲದ ಸದಸ್ಯೆ. ಸಾಮಾನ್ಯ ಜನರ ಪರವಾಗಿ ಒಬ್ಬರು ಇರಬೇಕು ಅಂತ ನಿಯಮ ಇದೆ, ಅದಕ್ಕೆ ನನ್ನನ್ನು ಕೂರಿಸಿದ್ದಾರೆ. ಮೊದಲ ಆರು ತಿಂಗಳು ಬಾಯಿ ತೆರೆಯಲಿಲ್ಲ, ಆಮೇಲೆ ಮುಚ್ಚಲಿಲ್ಲ.

ಹಳ್ಳಿಯ ವಿಚಾರದಲ್ಲಿ ನಾನು ಕಲಿತದ್ದು ಇದು: ಒಪ್ಪಿಗೆ ಬಹಳ ಸಲ ಮನೆಬಾಗಿಲಿಗೆ ಬರುವ ಮೊದಲೇ ಬೇರೆ ಯಾರೋ ಕೊಟ್ಟಾಗಿರುತ್ತದೆ. ಊರ ಮುಖಂಡ ಹೂಂ ಅಂದ, ಶಾಲೆಯವರು ಹೂಂ ಅಂದರು, ಅತ್ತೆ ಹೂಂ ಅಂದರು. ಆಮೇಲೆ ಸೊಸೆ ಬೇಡ ಅಂದರೆ ಅದು ಅಧ್ಯಯನಕ್ಕೆ ಬೇಡ ಅಂದಂತಲ್ಲ, ಅತ್ತೆಗೆ ಬೇಡ ಅಂದಂತೆ.

ಇದಕ್ಕೆ ದಾಖಲೆಯಲ್ಲಿರುವ ಉದಾಹರಣೆ 2009ರದ್ದು. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ ನಡೆಯಿತು. 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿದರು. ವಿಚಾರಣೆಯಲ್ಲಿ ಹೊರಬಂದದ್ದು ಏನೆಂದರೆ, ಹಾಸ್ಟೆಲ್‌ಗಳಲ್ಲಿದ್ದ ಬುಡಕಟ್ಟು ಹುಡುಗಿಯರ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಆಂಧ್ರದಲ್ಲಿ ಪರಿಶೀಲಿಸಿದ 9,543 ಪತ್ರಗಳಲ್ಲಿ 2,763ಕ್ಕೆ ವಾರ್ಡನ್ ಸಹಿ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಆ ಅವಧಿಯಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು. ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಾಧ್ಯತೆ ಕಡಿಮೆ ಅಂತ ತನಿಖಾ ಸಮಿತಿ ಹೇಳಿತು. ಲಸಿಕೆ ಒಳ್ಳೆಯದೇ, ಜಗತ್ತಿನಲ್ಲಿ ಎಷ್ಟೋ ದೇಶಗಳು ಕೊಡುತ್ತಿವೆ. ಆದರೆ ‘ನಿಮ್ಮ ಮಗಳಿಗೆ ಏನು ಚುಚ್ಚಿದರು ಅಂತ ನಿಮಗೆ ಯಾರು ಹೇಳಿದರು?’ ಅಂತ ಕೇಳಿದಾಗ ಉತ್ತರ ಇಲ್ಲದೇ ಹೋದರೆ, ಒಳ್ಳೆಯ ಲಸಿಕೆಗೂ ಕೆಟ್ಟ ಹೆಸರು ಬರುತ್ತದೆ. ಹಾಗೇ ಆಯಿತು ಕೂಡ.

ಊರಿನ ಹಿರಿಯರನ್ನು ಕೇಳಲೇಬಾರದು ಅಂತ ನನ್ನ ವಾದ ಅಲ್ಲ. ಘಾನಾದ ಉತ್ತರದ ನವ್ರೊಂಗೊ ಸೀಮೆಯಲ್ಲಿ ಸಂಶೋಧಕರು ಮೊದಲು ಊರ ಮುಖ್ಯಸ್ಥನ ಹತ್ತಿರ ಹೋಗುತ್ತಾರೆ, ಊರ ಸಭೆಯಲ್ಲಿ ವಿಷಯ ಇಡುತ್ತಾರೆ, ಆಮೇಲೆ ಮನೆ ಯಜಮಾನ, ಕೊನೆಗೆ ಆ ವ್ಯಕ್ತಿ. ಇದು ಸರಿಯಾದ ದಾರಿ. ಊರೊಳಗೆ ಕಾಲಿಡಲು ಅನುಮತಿ ಬೇರೆ, ಮೈಗೆ ಸೂಜಿ ಹಾಕಲು ಒಪ್ಪಿಗೆ ಬೇರೆ. ಬಾಗಿಲು ತೆರೆದವನು ಒಳಗಿರುವವರ ಪರವಾಗಿ ಸಹಿ ಹಾಕುವ ಹಾಗಿಲ್ಲ.

ಬಾಕಿಪಟ್ಟಿ ಅವರೇ, ನಿಮ್ಮ ‘ಸಾಕ್ಷಿ’ ಯಾರಾಗಿದ್ದ? ಓದಲು ಬಾರದವರಿಗೆ ಸ್ವತಂತ್ರ ಸಾಕ್ಷಿ ಆರಂಭದಿಂದ ಕೊನೆಯವರೆಗೂ ಎದುರಿಗಿರಬೇಕು ಅಂತ ಭಾರತದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳೂ ಹೇಳುತ್ತವೆ, ಬೇರೆ ದೇಶಗಳಲ್ಲೂ ಹಾಗೇ ಇದೆ.

ಬಾಕಿಪಟ್ಟಿ

ಹೇಳಲು ನಾಚಿಕೆ ಮೇಡಂ. ನಮ್ಮ ಜೀಪಿನ ಡ್ರೈವರ್.

ಗಿರಕಿ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಡ್ರೈವರ್ ಅಂತ ನೋಡಿ ನಗು ಬಂತು, ಆಮೇಲೆ ಬರಲಿಲ್ಲ.

ನಮ್ಮ ಅಪ್ಪ ಇಂಥದ್ದೊಂದು ಅಧ್ಯಯನದಲ್ಲಿದ್ದರು. ಒಪ್ಪಿಗೆ ಪತ್ರದ ಪ್ರತಿ ಮನೆಯಲ್ಲಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿತ್ತು. ಮೂರು ವರ್ಷದಲ್ಲಿ ಆರು ಸಲ ರಕ್ತ ತೆಗೆದರು. ಒಂದು ಸಲವೂ ‘ನಿಮ್ಮ ರಕ್ತದಲ್ಲಿ ಇದು ಕಂಡಿತು’ ಅಂತ ಯಾರೂ ಬಂದು ಹೇಳಲಿಲ್ಲ. ಊರಲ್ಲಿ ರಕ್ತ ಮಾರಿಕೊಳ್ಳುತ್ತಾರೆ ಅಂತ ಸುದ್ದಿ ಹಬ್ಬಿತು. ಅಧ್ಯಯನದವರು ‘ಮೂಢನಂಬಿಕೆ’ ಅಂದರು. ನನಗೆ ಈಗ ಅನ್ನಿಸುವುದು ಬೇರೆ. ರಕ್ತ ಹೋಗುತ್ತದೆ, ಏನೂ ವಾಪಸ್ ಬರುವುದಿಲ್ಲ, ಹೊಸ ಗಾಡಿಗಳು ಓಡಾಡುತ್ತವೆ. ಕಣ್ಣಿಗೆ ಕಂಡದ್ದರಿಂದ ಲೆಕ್ಕ ಹಾಕಿದವರು ಇನ್ನೇನು ತೀರ್ಮಾನಕ್ಕೆ ಬರಬೇಕಿತ್ತು?

ಅಪ್ಪ ಯಾವತ್ತೂ ‘ಬೇಡ’ ಅನ್ನಲಿಲ್ಲ. ನಾಲ್ಕನೇ ಸಲದಿಂದ ಗಾಡಿ ಬರುವ ದಿನ ನಸುಕಿಗೇ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರು. ಅಧ್ಯಯನದವರು ಹೊಲಕ್ಕೇ ಬಂದರು. ಬದುವಿನ ಮೇಲೆ ಕೂರಿಸಿ ರಕ್ತ ತೆಗೆದರು. ‘ಎಷ್ಟು ಶ್ರದ್ಧೆ ನೋಡಿ ಈ ಹುಡುಗರದ್ದು’ ಅಂತ ಆಗ ನಾನೇ ಹೊಗಳಿದ್ದೆ.

ಬಾಕಿಪಟ್ಟಿ

ಗಿರಕಿ ಅವರೇ, ನಿಮ್ಮ ಮಾತು ಓದಿ ಹಳೇ ಡೈರಿ ತೆಗೆದೆ. ಹಾಗೆ ಹೊಲಕ್ಕೆ ಹೋದವರನ್ನೆಲ್ಲ ನಾವು ‘ಮನೆಯಲ್ಲಿರಲಿಲ್ಲ, ಬಾಕಿ’ ಅಂತ ಬರೆಯುತ್ತಿದ್ದೆವು. ಬಾಕಿ ಅಂದರೆ ಮತ್ತೆ ಹೋಗಬೇಕು, ವಸೂಲಾಗುವ ತನಕ ಹೋಗಬೇಕು.

ಡೈರಿಯಲ್ಲಿ ನಾನು ಗುರುತು ಹಾಕಿಕೊಂಡ ಮಾತುಗಳು: ‘ನೋಡೋಣ.’ ‘ಮನೇಲಿ ಕೇಳಿ ಹೇಳ್ತೀನಿ.’ ‘ಸುಗ್ಗಿ ಮುಗೀಲಿ.’ ‘ಮಗ ಬರ್ಲಿ.’ ‘ನಮ್ಮಂಥವರದ್ದು ಯಾಕೆ ಬಿಡಪ್ಪ.’ ಒಬ್ಬರು ಮಾತೇ ಆಡದೆ ಚಾಪೆ ಮಡಚಿಟ್ಟರು. ಇವೆಲ್ಲ ‘ಬೇಡ’ವೇ ತಾನೇ? ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಬಾರದು ಅಂತ ಸುತ್ತಿ ಬಳಸಿ ಹೇಳಿದರು. ನನಗೆ ಆಗಲೂ ಅರ್ಥವಾಗುತ್ತಿತ್ತು, ಆದರೆ ರಿಜಿಸ್ಟರಿನಲ್ಲಿ ಬರೆಯಲು ಜಾಗವೇ ಇರಲಿಲ್ಲ. ತಿಂಗಳಿಗೆ ಇಷ್ಟು ಒಪ್ಪಿಗೆ ಅಂತ ಗುರಿ ಇತ್ತು, ನಮ್ಮ ಕೆಲಸ ಉಳಿಯುವುದೂ ಅದರ ಮೇಲೆ.

ಅಂಕಿಸಂಕಿ

ನಾನು ಇಂಥ ಅಧ್ಯಯನಗಳ ಲೆಕ್ಕ ನೋಡುವವನು. ಒಂದು ಗುಟ್ಟು ಹೇಳುತ್ತೇನೆ. ನೂರಕ್ಕೆ ನೂರು ಒಪ್ಪಿಗೆ ಬಂದ ಕೇಂದ್ರ ಕಂಡರೆ ನನಗೆ ಖುಷಿಗಿಂತ ಅನುಮಾನವೇ ಹೆಚ್ಚು. ಒಂದಿಡೀ ಊರಿನಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ ಅಂದರೆ ಅಲ್ಲಿ ಬೇಡ ಅನ್ನಲು ಆಗುತ್ತಿರಲಿಲ್ಲ ಅಂತ ಅರ್ಥ. ಬಾಕಿಪಟ್ಟಿ ಅವರ ಎರಡು ಕಾಲಂ ಕಥೆ ನೈತಿಕತೆಗೆ ಎಷ್ಟು ಕೆಟ್ಟದ್ದೋ ಅಂಕಿಅಂಶಕ್ಕೂ ಅಷ್ಟೇ ಕೆಟ್ಟದ್ದು. ಮನಸ್ಸಿಲ್ಲದೆ ಸೇರಿದವರು ಮಾತ್ರೆ ನುಂಗುವುದಿಲ್ಲ, ನುಂಗಿದೆ ಅನ್ನುತ್ತಾರೆ. ಕೊನೆಗೆ ಔಷಧವೇ ಕೆಲಸ ಮಾಡುವುದಿಲ್ಲ ಅಂತ ವರದಿ ಬರುತ್ತದೆ.

ಇನ್ನೂ ಸಿಕ್ಕಿನ ಪ್ರಶ್ನೆ ಒಂದಿದೆ, ಅದನ್ನು ಯಾರೂ ಮುಟ್ಟಿಲ್ಲ. ಚೀಟಿ ಎತ್ತುವುದು ಒಬ್ಬೊಬ್ಬರಿಗಲ್ಲ, ಊರೂರಿಗೇ ಆದರೆ? ಕುಡಿಯುವ ನೀರಿನ ಶುದ್ಧೀಕರಣವನ್ನು ಹತ್ತು ಊರಿಗೆ ಕೊಟ್ಟು ಹತ್ತು ಊರಿಗೆ ಕೊಡದೆ ಹೋಲಿಸುವುದು ಅಂತಿಟ್ಟುಕೊಳ್ಳಿ. ಒಬ್ಬಾಕೆ ‘ನನಗೆ ಬೇಡ’ ಅಂದರೆ ಅವಳು ಯಾವ ಕೊಳಾಯಿಯ ನೀರು ಕುಡಿಯಬೇಕು?

ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳನ್ನು 52 ಗುಂಪು ಮಾಡಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ದೊಡ್ಡ ಅಧ್ಯಯನ ನಡೆಸಿದ್ದರು. 1,31,746 ಹೆಂಗಸರು. ಆ 52ನ್ನು ಚೀಟಿ ಎತ್ತಿದ ಹಾಗೆ ನಾಲ್ಕು ದೊಡ್ಡ ಗುಂಪಾಗಿ ಹಂಚಿದರು: ಮೂರು ಗುಂಪಿಗೆ ಮೂರು ಬಗೆಯ ತಪಾಸಣೆ, ನಾಲ್ಕನೆಯದಕ್ಕೆ ತಪಾಸಣೆ ಇಲ್ಲ, ಅಲ್ಲಿ ಎಂದಿನ ವ್ಯವಸ್ಥೆಯೇ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು: ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆಯನ್ನು ಒಂದೇ ಸಲ ಮಾಡಿದರೂ ಸಾವು ಗಣನೀಯವಾಗಿ ಕಡಿಮೆಯಾಗುತ್ತದೆ. ಜಗತ್ತಿಗೇ ಉಪಯೋಗವಾದ ಉತ್ತರ ಅದು. ಆದರೆ ತಪಾಸಣೆಯಿಂದ ಜೀವ ಉಳಿಯುತ್ತದೆ ಅಂತ ಗೊತ್ತಿದ್ದೂ ನಾಲ್ಕನೇ ಗುಂಪಿನ ಹೆಂಗಸರನ್ನು ಹಾಗೇ ಬಿಟ್ಟದ್ದು ಸರಿಯೇ ಅಂತ ತಜ್ಞರ ನಡುವೆ ವರ್ಷಗಟ್ಟಲೆ ಜಗಳ ನಡೆಯಿತು. ಆ ಹಳ್ಳಿಗಳಲ್ಲಿ ಮೊದಲೂ ತಪಾಸಣೆ ಇರಲಿಲ್ಲ, ಇದ್ದದ್ದನ್ನು ಕಿತ್ತುಕೊಂಡಿಲ್ಲ ಅನ್ನುವುದು ಒಂದು ವಾದ. ಇಲ್ಲದಿರುವುದನ್ನೇ ಅಳತೆಗೋಲು ಮಾಡಿಕೊಂಡರೆ ಬಡವರ ಊರು ಯಾವತ್ತೂ ‘ಏನೂ ಕೊಡದ ಗುಂಪು’ ಆಗಲು ಅನುಕೂಲ ಅನ್ನುವುದು ಇನ್ನೊಂದು. ನಾನು ಎರಡನೆಯ ಕಡೆ ವಾಲುತ್ತೇನೆ, ಆದರೆ ಆ ಅಧ್ಯಯನ ಕೊಟ್ಟ ಉತ್ತರದಿಂದ ಉಳಿಯುವ ಜೀವಗಳನ್ನೂ ಮರೆಯಲಾರೆ.

ಇಂಥ ಊರುಗಟ್ಟಲೆ ಅಧ್ಯಯನಗಳಿಗೆಂದೇ 2012ರಲ್ಲಿ ಒಟ್ಟಾವಾ ಹೇಳಿಕೆ ಅಂತ ಒಂದು ಬಂತು. ಯಾರು ‘ಭಾಗಿ’, ಯಾರ ಒಪ್ಪಿಗೆ ಬೇಕು, ಊರಿನ ಮುಖ್ಯಸ್ಥರು ಎಷ್ಟರ ಮಟ್ಟಿಗೆ ಮಾತಾಡಬಹುದು ಅಂತ ಅದರಲ್ಲಿ ಇದೆ. ಮುಖ್ಯಸ್ಥರ ಅನುಮತಿ ವ್ಯಕ್ತಿಯ ಒಪ್ಪಿಗೆಯ ಜಾಗದಲ್ಲಿ ಕೂರಲಾರದು ಅಂತ ಅದೂ ಹೇಳುತ್ತದೆ.

ಒಂಟಿಸಲಗ

ಸರಿ, ಡ್ರೈವರ್ ಸಾಕ್ಷಿಯ ಕಥೆಗೆ ನಾನು ಸೋತೆ. ಆದರೂ ದುಡ್ಡಿನ ಬಗ್ಗೆ ಯಾಕೆ ಎಲ್ಲರೂ ಮಡಿವಂತಿಕೆ ಮಾಡ್ತೀರಿ? 1900ರಲ್ಲಿ ಕ್ಯೂಬಾದಲ್ಲಿ ವಾಲ್ಟರ್ ರೀಡ್ ಹಳದಿ ಜ್ವರದ ಪ್ರಯೋಗ ಮಾಡಿದಾಗ ಸ್ಪೇನಿನಿಂದ ಬಂದ ಕೂಲಿಗಳಿಗೆ ಅವರ ಭಾಷೆಯಲ್ಲೇ ಕರಾರು ಪತ್ರ ಬರೆಸಿದ. ನೂರು ಡಾಲರ್ ಚಿನ್ನ, ಜ್ವರ ಬಂದರೆ ಇನ್ನೊಂದು ನೂರು. ಜೀವಕ್ಕೆ ಅಪಾಯ ಇದೆ ಅಂತ ಪತ್ರದಲ್ಲೇ ಇತ್ತು. ಮನುಷ್ಯರ ಮೇಲಿನ ಪ್ರಯೋಗಕ್ಕೆ ಅವರ ಒಪ್ಪಿಗೆ ಬೇಕೇ ಬೇಕು ಅಂದ ನ್ಯೂರೆಂಬರ್ಗ್ ಸಂಹಿತೆ ಬರುವುದಕ್ಕೆ 47 ವರ್ಷ ಮುಂಚೆ! ಹೀಗೆ ಬಿಚ್ಚಿ ಹೇಳಿ, ದುಡ್ಡು ಕೊಟ್ಟು, ವ್ಯವಹಾರ ಮುಗಿಸುವುದು ಈ ‘ಸೇವೆ’ಯ ನಾಟಕಕ್ಕಿಂತ ವಾಸಿ.

ಸ್ಟೆತ್ತು

ಅರ್ಧ ಒಪ್ಪುತ್ತೇನೆ. ಬಿಚ್ಚಿ ಹೇಳಿದ ಮಟ್ಟಿಗೆ ರೀಡ್ ಅವರ ಪತ್ರ ಅವರ ಕಾಲಕ್ಕಿಂತ ಬಹಳ ಮುಂದಿತ್ತು. ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿತ್ತು: ಈ ದ್ವೀಪದಲ್ಲಿ ಇದ್ದರೆ ಹೇಗೂ ಹಳದಿ ಜ್ವರ ಬಂದೇ ಬರುತ್ತದೆ, ಬಂದರೆ ನಮ್ಮ ವೈದ್ಯರ ಆರೈಕೆಯಾದರೂ ಸಿಗಲಿ ಅಂತ ಇಷ್ಟಪಟ್ಟು ಸೇರುತ್ತಿದ್ದೇನೆ ಅಂತ. ಇಲ್ಲಿ ದುಡ್ಡಿಗಿಂತ ಬಲವಾಗಿ ಎಳೆಯುವುದು ಆರೈಕೆ. ಡಾಕ್ಟರೇ ಇಲ್ಲದ ಊರಿನಲ್ಲಿ ತಿಂಗಳಿಗೊಮ್ಮೆ ಬಿಪಿ ನೋಡುವವರು ಬರುತ್ತಾರೆ ಅನ್ನುವುದಕ್ಕಿಂತ ದೊಡ್ಡ ಆಮಿಷ ಯಾವುದು? ಟಸ್ಕೀಗಿಯಲ್ಲಿ ಊಟ ಕೊಟ್ಟರು, ಸತ್ತರೆ ಮಣ್ಣಿನ ಖರ್ಚು ಕೊಟ್ಟರು. ಬಡವರಿಗೆ ಆ ಖರ್ಚಿನ ಭಯ ಎಷ್ಟಿರುತ್ತದೆ ಅಂತ ಯಾರೋ ಚೆನ್ನಾಗಿ ಬಲ್ಲವರೇ ಅದನ್ನು ಯೋಚಿಸಿರಬೇಕು.

ಹಾಗಂತ ಬಿಪಿ ನೋಡಬೇಡಿ ಅನ್ನಲಾಗುತ್ತದೆಯೇ? ನನ್ನ ಮಟ್ಟಿಗೆ ಉಳಿದಿರುವ ದಾರಿ ಒಂದೇ: ಬೇಡ ಅಂದವರ ಬಿಪಿಯನ್ನೂ ನೋಡಿ. ಅಧ್ಯಯನಕ್ಕೆ ಸೇರದಿದ್ದರೂ ಅದೇ ಗಾಡಿ ಅವರ ಮನೆ ಮುಂದೆ ನಿಲ್ಲಲಿ. ಖರ್ಚಾಗುತ್ತದೆ, ಗೊತ್ತು.

ಬಾಕಿಪಟ್ಟಿ, ನಿಮ್ಮ ಎರಡನೇ ಪ್ರಶ್ನೆಗೆ ಈಗ ಬರುತ್ತೇನೆ. ‘ಅರ್ಥ ಆಯ್ತಾ?’ ಅಂತ ಕೇಳುವುದನ್ನು ಬಿಟ್ಟುಬಿಡಿ. ಅದಕ್ಕೆ ಹೂಂ ಬಿಟ್ಟು ಬೇರೆ ಉತ್ತರ ಇಲ್ಲ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಸಂಜೆ ನಿಮ್ಮ ಮಗ ಬಂದು ಕೇಳಿದರೆ ಏನಂತ ಹೇಳ್ತೀರಿ ಅಜ್ಜಿ?’ ಅಂತ ಕೇಳಿ. ಪರೀಕ್ಷೆ ನಿಮ್ಮದಾಗಬೇಕು, ಅವರದ್ದಾಗಬಾರದು. ಹಾಗೆ ಕೇಳಿದ್ದರೆ ಮಂಡಿನೋವು ಹೆಬ್ಬೆಟ್ಟಿಗೆ ಮೊದಲೇ ಹೊರಬರುತ್ತಿತ್ತು. ಆಮೇಲೆ ಅದೇ ದಿನ ಸಹಿ ಕೇಳಬೇಡಿ. ಒಂದು ರಾತ್ರಿ ಮಲಗಿ ಏಳಲಿ.

ಮೂರನೇ ಕುರ್ಚಿ

ಡಾಕ್ಟರು ಹೇಳಿದ ‘ಒಂದು ರಾತ್ರಿ’ಯನ್ನು ನಮ್ಮ ಕಮಿಟಿಯಲ್ಲಿ ನಾನು ಕೇಳಿದಾಗ ‘ಎರಡು ಸಲ ಡೀಸೆಲ್’ ಅಂದರು. ಮಾಹಿತಿಗಾಗಿ ಬರೆದೆ ಅಷ್ಟೇ.

ಅಡಿಟಿಪ್ಪಣಿ

ಗಿರಕಿ ಅವರ ಅಪ್ಪನ ರಕ್ತ ಈಗ ಎಲ್ಲಿದೆ ಅಂತ ಯೋಚಿಸುತ್ತಿದ್ದೆ. ಫಾರಂನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ, ‘ಮಾದರಿಗಳನ್ನು ಮುಂದಿನ ಸಂಶೋಧನೆಗೆ ಬಳಸಬಹುದು’. ಅನುವಾದಿಸಲು ಅರ್ಧ ನಿಮಿಷ ಸಾಕು.

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯೊಳಗೆ ವಾಸಿಸುವ ಹವಸುಪಾಯ್ ಅನ್ನುವ ಸಣ್ಣ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಕಾರಣ ಹುಡುಕುತ್ತೇವೆ ಅಂತ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 1990ರ ಸುಮಾರಿಗೆ ರಕ್ತ ತೆಗೆದುಕೊಂಡರು. ಫಾರಂನಲ್ಲಿದ್ದ ಪದಗಳು ಮಾತ್ರ ಬಹಳ ಅಗಲವಾಗಿದ್ದವು. 2003ರಲ್ಲಿ ಆ ಬುಡಕಟ್ಟಿನ ಹೆಣ್ಣುಮಗಳೊಬ್ಬಳು ಅಲ್ಲಿನ ಒಂದು ಪಿಎಚ್‌ಡಿ ಮಂಡನೆಗೆ ಹೋಗಿ ಕುಳಿತಾಗ, ತಮ್ಮದೇ ಜನರ ರಕ್ತದ ಮೇಲೆ ಬೇರೇನೋ ಸಂಶೋಧನೆ ನಡೆದಿರುವುದು ಗೊತ್ತಾಯಿತು. ಮನೋರೋಗ, ಒಳಸಂಬಂಧದ ಮದುವೆ, ಪೂರ್ವಜರ ವಲಸೆ, ಹೀಗೆ. ವಲಸೆಯ ಅಧ್ಯಯನ ಅವರ ಹುಟ್ಟಿನ ಕಥೆಯನ್ನೇ ಅಲ್ಲಗಳೆಯುವಂಥದ್ದು. 2010ರಲ್ಲಿ ವಿಶ್ವವಿದ್ಯಾಲಯ 41 ಜನರಿಗೆ ಒಟ್ಟು 7 ಲಕ್ಷ ಡಾಲರ್ ಕೊಟ್ಟು, ಉಳಿದಿದ್ದ ರಕ್ತವನ್ನೂ ಹಿಂದಿರುಗಿಸಿತು.

ಅವರು ಸಕ್ಕರೆ ಕಾಯಿಲೆಗೆ ಒಪ್ಪಿದ್ದು ನಿಜವಾದ ಒಪ್ಪಿಗೆ. ಅದನ್ನು ಹಿಡಿದೆಳೆದು ಬೇರೆಲ್ಲದಕ್ಕೂ ಹಾಸಿದರು. ಆ ಸಾಲನ್ನು ನಾನು ಈಗ ಬೇರೆ ಪುಟಕ್ಕೆ ಹಾಕಿ ಬೇರೆ ಸಹಿ ಕೇಳುವಂತೆ ಮಾಡಿಸುತ್ತೇನೆ: ‘ಈ ಕೆಲಸ ಮುಗಿದ ಮೇಲೆ ಉಳಿದ ರಕ್ತವನ್ನು ಇಟ್ಟುಕೊಳ್ಳಬಹುದೇ? ಬೇರೆ ವಿಷಯಕ್ಕೆ ಬಳಸುವ ಮೊದಲು ಬಂದು ಕೇಳಬೇಕೇ?’ ದಕ್ಷಿಣ ಆಫ್ರಿಕಾದ ಸಾನ್ ಅನ್ನುವ ಮೂಲನಿವಾಸಿ ಜನ 2017ರಲ್ಲಿ ಸಂಶೋಧಕರಿಗೆ ತಾವೇ ಒಂದು ನೀತಿಸಂಹಿತೆ ಬರೆದುಕೊಟ್ಟರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಅಂತ ತೀರಾ ಸಾಮಾನ್ಯ ಪದಗಳು. ಬರೆದವರು ಯಾರು ಅನ್ನುವುದೇ ಅಲ್ಲಿ ಹೊಸದು.

ಗಿರಕಿ

ಅಪ್ಪನ ಫಾರಂ ಹುಡುಕಿ ನೋಡಿದೆ ಮೇಡಂ. ಆ ಸಾಲು ಇದೆ. ಒಂಬತ್ತನೇ ಪುಟ.

ಅಪ್ಪ ಹೋಗಿ ಎರಡು ವರ್ಷವಾಯಿತು. ರಕ್ತ ಬೇಕಿಲ್ಲ, ಏನು ಕಂಡಿತು ಅಂತ ಒಂದು ಕಾಗದ ಬಂದಿದ್ದರೆ ಸಾಕಿತ್ತು.

ಬಾಕಿಪಟ್ಟಿ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಈಗ ಬೇರೆ ತಂಡ, ಬೇರೆ ಅಧ್ಯಯನ, ಊರುಗಳೂ ಬೇರೆ. ಸೇರುವಾಗಲೇ ಎರಡು ವಿಷಯ ಕೇಳಿಕೊಂಡೆ: ಸಾಕ್ಷಿ ನಮ್ಮವರಾಗಿರಬಾರದು, ರಿಜಿಸ್ಟರಿನಲ್ಲಿ ಮೂರನೇ ಕಾಲಂ ಬೇಕು. ಎರಡನೆಯದಕ್ಕೆ ಯಾರೂ ತಕರಾರು ಮಾಡಲಿಲ್ಲ, ಒಂದು ಗೆರೆ ಎಳೆದರೆ ಮುಗಿಯಿತು. ಸಾಕ್ಷಿಗಳನ್ನು ಹುಡುಕುವುದೇ ಇವತ್ತಿಗೂ ಕಷ್ಟ. ಪಕ್ಕದ ಮನೆಯವರನ್ನು ಕರೆದರೆ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಜನ ಹಿಂಜರಿಯುತ್ತಾರೆ, ಅದೂ ನ್ಯಾಯವೇ. ಇದಕ್ಕೆ ಇಲ್ಲಿ ಯಾರಿಗಾದರೂ ಉಪಾಯ ಗೊತ್ತಿದ್ದರೆ ಹೇಳಿ.

‘ನೋಡೋಣ’ ಅಂದವರನ್ನು ಒಮ್ಮೆ ಮಾತ್ರ ಮತ್ತೆ ಕೇಳುತ್ತೇವೆ. ಎರಡನೇ ಸಲವೂ ನೋಡೋಣ ಅಂದರೆ ‘ಬೇಡ’ ಕಾಲಂಗೆ ಹಾಕುತ್ತೇವೆ. ಮೊದಲ ವಾರದಲ್ಲೇ ಆ ಕಾಲಂನಲ್ಲಿ ಹೆಸರುಗಳು ಕೂತವು. ಮೇಲಿನವರು ಕರೆದು ‘ಇಷ್ಟು ಜನ ಯಾಕೆ ಬೇಡ ಅಂದರು, ಸರಿಯಾಗಿ ವಿವರಿಸಲಿಲ್ಲವಾ?’ ಅಂತ ಕೇಳಿದರು. ಸರಿಯಾಗಿ ವಿವರಿಸಿದ್ದಕ್ಕೇ ಸರ್ ಅಂದೆ. ಕೆಲಸ ಸದ್ಯಕ್ಕೆ ಇದೆ.

ಗಿರಕಿ

ಬೇಡ ಅಂದವರ ಮನೆಗೆ ಮತ್ತೆ ಹೋಗಿಲ್ಲ ತಾನೇ?

ಬಾಕಿಪಟ್ಟಿ

ಒಂದು ಮನೆಗೆ ಹೋದೆ. ಬಿಸಿಲಿತ್ತು, ನೀರು ಕೇಳಿ ಕುಡಿದೆ. ಫಾರಂ ಬ್ಯಾಗಿನಲ್ಲೇ ಇತ್ತು. ಹೊರಡುವಾಗ ಆ ಮನೆಯವರೇ ‘ಬಿಪಿ ನೋಡೋ ಮಿಷನ್ ತಂದಿದ್ದೀಯಾ?’ ಅಂತ ಕೇಳಿದರು. ನೋಡಿ, ಅಂಕಿ ಬರೆದುಕೊಟ್ಟು ಬಂದೆ.